ಆರ್ಕಿಟೆಕ್ಟ್ ಆದ ಮಗ ಮೇಸ್ತ್ರಿಯ ಮುಂದೆ ಮೌನವಾದಾಗ

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಒಂದು ಮನೆಯ ಕೆಲಸ ನಡೆಯುತ್ತಿದೆ. ಅದರ ನಕ್ಷೆ ಬರೆದವನು ಮದ್ರಸದಲ್ಲಿ ನನ್ನ ಬಳಿ ಓದಿದ ಹುಡುಗ. ಬಿ.ಆರ್ಕ್ ಮುಗಿಸಿ ಇನ್ನೂ ವರ್ಷ ತುಂಬಿಲ್ಲ. ಚಿಕ್ಕಪ್ಪನ ಮನೆಯೇ ಅವನ ಮೊದಲ ಕೆಲಸ. ನಕ್ಷೆ ನೋಡಿದ ಮೇಸ್ತ್ರಿ ಕೇಳಿದ್ದು ಮೂರೇ ಪ್ರಶ್ನೆ: "ಮ್ಯಾಲಿನ ಬಚ್ಚಲದ ಪೈಪು ಎಲ್ಲಿ ಇಳಿಸ್ಬೇಕಪ್ಪಾ? ಮೆಟ್ಟಿಲು ಹತ್ತುವಾಗ ಬೀಮು ತಲೆಗೆ ಬಡಿಯಂಗಿಲ್ಲೇನು? ಕಂಬಿ ಎಷ್ಟು ತರಿಸ್ಲಿ?" ಹುಡುಗ ಸುಮ್ಮನೆ ನಿಂತ. ಸಾಲದ್ದಕ್ಕೆ, ಕಕ್ಕಸು ಕಿಬ್ಲಾದ ಕಡೆ ಮುಖ ಮಾಡಿದೆ ಎಂದು ಚಿಕ್ಕಮ್ಮ ತೋರಿಸಿಕೊಟ್ಟರು.

ಆ ದಿನ ಮಗ್ರಿಬ್ ನಂತರ ಬಂದು ಕುಳಿತ. "ಉಸ್ತಾದರೇ, ಕಾಲೇಜಿನಲ್ಲಿ ಏರ್‌ಪೋರ್ಟ್ ಬರೆದೆ, ಮ್ಯೂಸಿಯಂ ಬರೆದೆ. ಒಂದು ಬಚ್ಚಲ ಪೈಪು ಬರೆದಿರಲಿಲ್ಲ" ಎಂದ. ಫೀಸಿಗೆ ಅವನ ಉಮ್ಮನ ಬಳೆಗಳು ಹೋಗಿವೆ. ನನಗೆ ನಗು ಬರಲಿಲ್ಲ.

ತಪ್ಪು ಹುಡುಗನದ್ದು ಮಾತ್ರವಲ್ಲ. ಬಿ.ಆರ್ಕ್ ಐದು ವರ್ಷದ ಓದು. ಅದರಲ್ಲಿ ಆಫೀಸಿನ ತರಬೇತಿಗೆ ಸಿಗುವುದು ಸುಮಾರು ಒಂದು ಸೆಮಿಸ್ಟರ್. ಪದವಿ ಬಂದರೆ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿ ಬೋರ್ಡು ಹಾಕಬಹುದು. ಡಾಕ್ಟರಾಗುವವರಿಗೆ ಆಸ್ಪತ್ರೆಯಲ್ಲಿ ಒಂದು ವರ್ಷದ ಹೌಸ್ ಸರ್ಜನ್ಸಿ ಇದೆ. ಸಿ.ಎ. ಓದುವವರಿಗೆ ಆರ್ಟಿಕಲ್‌ಶಿಪ್ ಇದೆ. ಮನೆ ಕಟ್ಟುವವನಿಗೆ ಮಾತ್ರ ಅಂಥ ದೀರ್ಘ ಕಡ್ಡಾಯ ಅಭ್ಯಾಸ ಇಲ್ಲ.

ನಮ್ಮ ಮದ್ರಸಗಳಲ್ಲಿ ಈ ವಿಷಯ ಹೊಸದಲ್ಲ. ವುಳೂವಿನ ಫರ್ಳ್‌ಗಳನ್ನು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ನಳ್ಳಿಯ ಮುಂದೆ ಕೂರಿಸಿದರೆ ಮೊಣಕೈ ಒಣಗಿಯೇ ಇರುತ್ತದೆ. ಮಯ್ಯತ್ ಸ್ನಾನದ ಪಾಠ ನಾನೂ ಕಿತಾಬಿನಲ್ಲೇ ಓದಿದ್ದೆ. ಮೊದಲ ಸಲ ಮಯ್ಯತ್‌ನ ಮುಂದೆ ನಿಂತಾಗ ಕೈ ನಡುಗಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಕೈ ಹಿಡಿದು ಕಲಿಸಿದರು. ಇಲ್ಮ್ ಕಿತಾಬಿನಿಂದ ಬಂದರೂ ಅಮಲ್ ಬರುವುದು ಇನ್ನೊಬ್ಬರ ಪಕ್ಕದಲ್ಲಿ ನಿಂತಾಗ.

ಈಜಿಪ್ಟಿನ ಹಸನ್ ಫತ್ಹಿ ಲೋಕಪ್ರಸಿದ್ಧ ಆರ್ಕಿಟೆಕ್ಟ್. ಮಹಾಯುದ್ಧದ ಕಾಲದಲ್ಲಿ ಮರ, ಕಬ್ಬಿಣ ಸಿಗದಾದಾಗ ಮಣ್ಣಿನ ಇಟ್ಟಿಗೆಯಲ್ಲೇ ಕಮಾನು ಛಾವಣಿ ಕಟ್ಟಲು ಹೊರಟರು. ಛಾವಣಿ ಕುಸಿಯಿತು. ಆಸ್ವಾನಿನ ನೂಬಿಯಾ ಮೇಸ್ತ್ರಿಗಳು ಮರದ ಆಸರೆಯೇ ಇಲ್ಲದೆ ಅಂಥ ಛಾವಣಿ ಕಟ್ಟುತ್ತಿದ್ದರು. ಫತ್ಹಿ ಅವರ ಬಳಿ ಹೋಗಿ ಕಲಿತರು, ಅವರನ್ನೇ ಕರೆತಂದು ಕಟ್ಟಿಸಿದರು. ಅದರಿಂದ ಅವರ ಹೆಸರು ಕಡಿಮೆಯಾಗಲಿಲ್ಲ. ಮಸ್ಜಿದುನ್ನಬವಿ ಕಟ್ಟುವಾಗ ಪ್ರವಾದಿಯವರು (ಸ.ಅ.) ಸ್ವತಃ ಇಟ್ಟಿಗೆ ಹೊತ್ತದ್ದೂ ನಮಗೆ ಗೊತ್ತಿದೆ.

ಹಾಗಂತ ಕಾಲೇಜಿನ ಓದು ದಂಡ ಎನ್ನಬೇಡಿ. ಬಳ್ಳಾರಿಯಲ್ಲಿ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ, ಗವಾಕ್ಷಿ ಇರುತ್ತಿದ್ದವು. ಈಗ ಮೇಸ್ತ್ರಿಗಳೇ ಕಟ್ಟುವ ಎಷ್ಟೋ ಮನೆಗಳಲ್ಲಿ ಗಾಳಿಗೆ ದಾರಿಯಿಲ್ಲ, ರಾತ್ರಿಯೂ ಆರ್‌ಸಿಸಿ ಸುಡುತ್ತದೆ. ಊರಲ್ಲಿ ಕೆಂಪುಕಲ್ಲು, ಹಂಚಿನ ಮನೆ ಕೆಡವಿ ಗಲ್ಫಿನ ಫೋಟೋ ನೋಡಿ ಕಟ್ಟುವ ನಮ್ಮವರ ಕಥೆಯೂ ಅಷ್ಟೇ. ಗಾಳಿ ಬೆಳಕಿನ ಲೆಕ್ಕ ಹುಡುಗನಿಗೆ ಗೊತ್ತು, ಪೈಪು ಕಂಬಿಯ ಲೆಕ್ಕ ಮೇಸ್ತ್ರಿಗೆ ಗೊತ್ತು. ಇಬ್ಬರೂ ಒಂದೇ ಕಡೆ ನಿಲ್ಲಬೇಕು.

ಇದು ನಮ್ಮ ಕೈಯಲ್ಲೇ ಇದೆ. ಬ್ಯಾರಿಗಳಲ್ಲಿ ಕಾಂಟ್ರಾಕ್ಟರ್‌ಗಳಿಗೆ ಕೊರತೆಯಿಲ್ಲ. ಇನೋಳಿಯಲ್ಲಿ ಬ್ಯಾರೀಸ್ ಸಂಸ್ಥೆಯ ಆರ್ಕಿಟೆಕ್ಚರ್ ಕಾಲೇಜೂ ಇದೆ. ಕಾಂಟ್ರಾಕ್ಟರ್‌ಗಳೇ, ರಜೆಯಲ್ಲಿ ಇಬ್ಬರು ಮಕ್ಕಳನ್ನು ಸೈಟಿಗೆ ಸೇರಿಸಿಕೊಳ್ಳಿ, ಬಸ್ ಖರ್ಚು, ಊಟದ ಖರ್ಚಾದರೂ ಕೊಡಿ. ಜಮಾಅತ್ ಕಮಿಟಿಯವರೇ, ಮದ್ರಸಕ್ಕೆ ಕೋಣೆ, ಮಸೀದಿಗೆ ಹೌಳ್ ಕಟ್ಟಿಸುವಾಗ ಅನುಭವಿ ಆರ್ಕಿಟೆಕ್ಟ್ ಒಬ್ಬರ ಜೊತೆ ಮೊಹಲ್ಲಾದ ವಿದ್ಯಾರ್ಥಿಯನ್ನೂ ನಿಲ್ಲಿಸಿ. ಪೋಷಕರೇ, ಫೀಸು ಕಟ್ಟುವ ಮೊದಲು 'ಮಕ್ಕಳನ್ನು ಸೈಟಿಗೆ ಎಷ್ಟು ಸಲ ಕರೆದೊಯ್ಯುತ್ತೀರಿ' ಎಂದು ಕೇಳಿ. ಪದವಿಯ ನಂತರದ ಎರಡು ಮೂರು ವರ್ಷದ ಕಡಿಮೆ ಸಂಬಳವನ್ನು ಗಲ್ಫಿನ ಸಂಬಳಕ್ಕೆ ಹೋಲಿಸಿ ಮಕ್ಕಳ ಮನಸ್ಸು ಮುರಿಯಬೇಡಿ. ಅದೂ ಕಲಿಕೆಯ ಕಾಲ.

ನನ್ನ ಹುಡುಗ ಈಗ ಬೆಳಿಗ್ಗೆ ಎಂಟಕ್ಕೇ ಸೈಟಿನಲ್ಲಿರುತ್ತಾನೆ. ಮೆಟ್ಟಿಲು ಬದಲಾಗಿದೆ, ಕಕ್ಕಸು ತಿರುಗಿದೆ. ಮೊನ್ನೆ ಮೇಸ್ತ್ರಿ ಅವನನ್ನು ಕೇಳಿಯೇ ಕಿಟಕಿಯ ಜಾಗ ಗುರುತು ಮಾಡಿದರಂತೆ. ಅಲ್‌ಹಮ್ದುಲಿಲ್ಲಾಹ್.