ಧರ್ಮಬೋಧೆಯ ತರಗತಿಯೂ ಸಂಗೀತದ ತರಗತಿಯೂ

ಈ ಸ್ಮರಣ ಸಂಚಿಕೆಗೆ ವಚನ ಸಾಹಿತ್ಯವನ್ನು ಕುರಿತು ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡರು. ನಾನು ಬರೆಯುತ್ತಿರುವುದು ವಚನಗಳ ಅರ್ಥವನ್ನಲ್ಲ. ನಮ್ಮ ಶಾಲೆಯಲ್ಲಿ ಅವುಗಳನ್ನು ಹಾಡಿಸುವ ರೀತಿಯನ್ನು ಕುರಿತು. ಅದಕ್ಕಾಗಿ ಮೊದಲು ಅನ್ಯಧರ್ಮೀಯರ ಒಂದು ಶಾಲೆಯ ಮಾತನ್ನೆತ್ತಬೇಕಾಗಿದೆ. ವಾಚಕರು ಸೈರಿಸಬೇಕು.

ವಿದ್ವತ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಹೊಸತರಲ್ಲಿ ನಾನು ಎರಡು ವರ್ಷ ಒಂದು ಕ್ಯಾಥೊಲಿಕ್ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದೆ. ಅಲ್ಲಿ ವಾರಕ್ಕೆ ಎರಡು ಅವಧಿ ಧರ್ಮಬೋಧೆ. ಗಂಟೆ ಬಾರಿಸಿದೊಡನೆ ಕ್ಯಾಥೊಲಿಕ್ ಮಕ್ಕಳು ಎದ್ದು ಪ್ರಾರ್ಥನಾಮಂದಿರದ ಬದಿಯ ಕೋಣೆಗೆ ಹೋಗುವರು. ಕೊಂಕಣಿ ಮನೆಮಾತಿನ ಮಕ್ಕಳು ಅದನ್ನು 'ದೊತೊರ್ನ್' ಎನ್ನುತ್ತಿದ್ದರು. ಉಳಿದವರಿಗೆ ನೀತಿಪಾಠ, ಅದು ನನ್ನ ಪಾಲಿನದು. ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ನಾನು ಚೌಡಯ್ಯನನ್ನೂ ಕನಕದಾಸರನ್ನೂ ಸರ್ವಜ್ಞನನ್ನೂ ಹೇಳುತ್ತಿದ್ದೆ. ಮುಖ್ಯೋಪಾಧ್ಯಾಯಿನಿಯಾಗಿದ್ದ ಸಿಸ್ಟರ್ ಒಮ್ಮೆ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಆಲಿಸಿ, ಏನೊಂದೂ ಹೇಳದೆ ಹೊರಟುಹೋದರು. ಮರುದಿನವೂ ಹೇಳಲಿಲ್ಲ. ಆ ಮೌನಕ್ಕೆ ನಾನು ಇಂದಿಗೂ ಋಣಿ.

ಸಂಗೀತದ ಮಾತು ಬೇರೆ. ಅಲ್ಲಿ ಮಕ್ಕಳನ್ನು ಬೇರ್ಪಡಿಸುತ್ತಿರಲಿಲ್ಲ. ಕ್ರಿಸ್‌ಮಸ್ ಹತ್ತಿರವಾದಂತೆ ಹಾರ್ಮೋನಿಯಂ ಸುತ್ತ ಎಲ್ಲ ಜಾತಿಯ ಮಕ್ಕಳೂ ನೆರೆಯುವರು. ಬಂದವರೆಲ್ಲ ತಾವಾಗಿಯೇ ಬಂದವರು. ಮೇಳದಲ್ಲಿ ಅತ್ಯುತ್ತಮವಾಗಿ ಹಾಡುತ್ತಿದ್ದವನು ಒಬ್ಬ ಜಂಗಮರ ಹುಡುಗ. ನನಗೆ ಅಲ್ಲಿ ನೋವಾಗುತ್ತಿದ್ದುದು ಧರ್ಮದಿಂದಲ್ಲ, ಛಂದಸ್ಸಿನಿಂದ. ಪಾಶ್ಚಾತ್ಯ ಧಾಟಿಗೆ ಕನ್ನಡ ಪದಗಳನ್ನು ತುರುಕುವಾಗ ಹ್ರಸ್ವದೀರ್ಘಗಳ ಗತಿ ಶೋಚನೀಯವಾಗುತ್ತಿತ್ತು. 'ಕರುಣೆ' ಎಂಬ ಮೂರು ಲಘುಗಳ ಶಬ್ದ 'ಕರೂಣೇ' ಎಂದು ಹೊರಬರುತ್ತಿತ್ತು! ತಡೆಯಲಾರದೆ ಹೇಳಿಬಿಟ್ಟೆ. ಹಾಡು ಕಲಿಸುತ್ತಿದ್ದ ಸಿಸ್ಟರ್ ಮುನಿಯಲಿಲ್ಲ. "ನೀವೇ ತಿದ್ದಿಕೊಡಿ, ಪಂಡಿತರೇ" ಎಂದರು. ಧಾಟಿಯ ಎಳೆತಕ್ಕೆ ಒಗ್ಗುವ ಶಬ್ದಗಳನ್ನು ಹುಡುಕಿಕೊಟ್ಟೆ. ಕಿಟೆಲ್ ಮಹಾಶಯರು ಪ್ರಾಟೆಸ್ಟಂಟ್ ಪಂಥದ ಬಾಸೆಲ್ ಮಿಶನ್ನಿನವರು. ಆದರೂ ಈ ಮರ್ಮವನ್ನು ಬಲ್ಲವರಾಗಿದ್ದರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ'ಯಾಗಿ ನಮ್ಮ ಛಂದಸ್ಸಿನಲ್ಲಿ ಕಟ್ಟಿದವರು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೇ ಸಂಪಾದಿಸಿದವರು. ಕ್ಯಾಥೊಲಿಕರ ಪೂಜೆಯಲ್ಲಾದರೋ ಬಹುಕಾಲ ಲ್ಯಾಟಿನ್ ಭಾಷೆಯೇ ನಡೆದುಬಂದಿತ್ತು. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೂ ದೇಶೀಯ ಸಂಗೀತಕ್ಕೂ ಬಾಗಿಲು ತೆರೆದ ಮೇಲೆ ನಮ್ಮ ಕಡೆಯ ಇಗರ್ಜಿಗಳಲ್ಲಿ ಕನ್ನಡ ಭಜನೆಯೂ ತಬಲೆಯೂ ಕೇಳಿಸತೊಡಗಿದವು.

ಇಷ್ಟಾದರೂ ಒಂದು ಸಂಶಯ ಅಂದೇ ನನ್ನನ್ನು ಕಾಡಿತ್ತು. ಪಾಠಕ್ಕೆ ಬೇರೆ ಕೋಣೆ ಇತ್ತು, ಹಾಡಿಗೆ ಇರಲಿಲ್ಲ. ಪಾಠ ಹೊಗದ ಎಡೆಗೆ ಹಾಡು ಹೊಗುತ್ತದೆ. ಆ ಜಂಗಮರ ಹುಡುಗನ ತಂದೆಯನ್ನು ಯಾರಾದರೂ ಕೇಳಿದ್ದರೇ? ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

2022ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಕ್ಲಾರೆನ್ಸ್ ಪ್ರೌಢಶಾಲೆಯ ಪ್ರವೇಶ ಅರ್ಜಿ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅದು ಕ್ಯಾಥೊಲಿಕ್ ಶಾಲೆಯಲ್ಲ, ಬೇರೆ ಕ್ರೈಸ್ತ ಪಂಥದ್ದು. ಮಗು ಧರ್ಮಗ್ರಂಥದ ತರಗತಿಗೆ ಬರುವುದೆಂದೂ, ಬೈಬಲನ್ನೂ ಸ್ತೋತ್ರಗೀತೆಗಳ ಪುಸ್ತಕವನ್ನೂ ಶಾಲೆಗೆ ತರಲು ತಮ್ಮ ಆಕ್ಷೇಪವಿಲ್ಲವೆಂದೂ ಪಾಲಕರು ಒಪ್ಪಿ ಸಹಿ ಮಾಡಬೇಕಿತ್ತು. ನಮ್ಮ ಶಿಕ್ಷಕರ ಕೊಠಡಿಯಲ್ಲಿ ಆ ದಿನ ಬಹಳ ಬಿಸಿ. ನಾನೂ ಗಟ್ಟಿಯಾಗಿಯೇ ಖಂಡಿಸಿದೆ. ಸಂವಿಧಾನದ 30ನೆಯ ಅನುಚ್ಛೇದ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಟ್ಟಿದೆ, ನಿಜ. ಆದರೆ 28ನೆಯ ಅನುಚ್ಛೇದದ ಮೂರನೆಯ ಖಂಡದಂತೆ, ಸರಕಾರದ ಮಾನ್ಯತೆಯನ್ನಾಗಲಿ ಅನುದಾನವನ್ನಾಗಲಿ ಪಡೆದ ಯಾವ ಶಾಲೆಯಲ್ಲೂ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಅಥವಾ ಪೂಜೆಗೆ ಕೂಡಿಸುವಂತಿಲ್ಲ. ಅಪ್ರಾಪ್ತರಾದರೆ ಪಾಲಕರ ಒಪ್ಪಿಗೆ ಬೇಕು. ಅವರು ಸಹಿ ಪಡೆಯುತ್ತಿದ್ದರಲ್ಲ ಎಂದು ಒಬ್ಬ ಮಿತ್ರರು ವಾದಿಸಿದರು. ಸಹಿ ಮಾಡದಿದ್ದರೆ ಸೀಟಿಲ್ಲ ಎಂಬಲ್ಲಿ ಮಾಡಿದ ಸಹಿ ಒಪ್ಪಿಗೆಯೇ? ಅಲ್ಲವೆಂದು ನಾನು ಹೇಳಿದೆ. ಈಗಲೂ ಹೇಳುತ್ತೇನೆ.

ಹಾಗೆ ಹೇಳಿದ ನಾಲಗೆಯೇ ಕಳೆದ ವರ್ಷ ಬೇರೊಂದು ಮಾತನಾಡಿತು. ನಮ್ಮ ಬೆಳಗಿನ ಸಾಮೂಹಿಕ ವಚನಪ್ರಾರ್ಥನೆಯಲ್ಲಿ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ತುಟಿ ಅಲುಗಿಸದೆ ನಿಂತಿದ್ದಳು. ಮೂರು ದಿನ ನೋಡಿದೆ. ನಾಲ್ಕನೆಯ ದಿನ ಎಲ್ಲರೆದುರಿಗೆ ಗದರಿಸಿದೆ. "ನಮ್ಮಪ್ಪ ಹಾಡಬ್ಯಾಡ ಅಂದಾನ್ರಿ ಸರ, ಸುಮ್ನ ನಿಂದ್ರತೀನ್ರಿ" ಎಂದಳು. ದುಡಿಮೆಗಾಗಿ ಹಲಗೇರಿಗೆ ಬಂದು ನೆಲೆಸಿದ ಕ್ರೈಸ್ತ ಕುಟುಂಬದ ಹುಡುಗಿ. ಮಠದ ಶಾಲೆಗೆ ಬಂದ ಮೇಲೆ ಹಾಡಲೇಬೇಕು ಎಂದೆ. ಹುಡುಗಿ ಅಳಲಿಲ್ಲ, ಅತ್ತಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಕೇರಳದ ಮೂವರು ಮಕ್ಕಳ ಮೊಕದ್ದಮೆ ಆ ರಾತ್ರಿ ನೆನಪಾಯಿತು. ಯೆಹೋವನ ಸಾಕ್ಷಿಗಳೆಂಬ ಪಂಥಕ್ಕೆ ಸೇರಿದ ಆ ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಶಾಲೆಯಿಂದ ಹೊರಹಾಕಿದರು. ಹೊರಹಾಕಿದ್ದು ತಪ್ಪೆಂದು 1986ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ರಾಷ್ಟ್ರಗೀತೆಗೇ ಸುಮ್ಮನೆ ನಿಲ್ಲುವ ಅವಕಾಶ ದೊರೆತಿರುವಾಗ, ನಮ್ಮ ಪ್ರಾರ್ಥನೆಗೆ ಇಲ್ಲವೆನ್ನಲು ನಾನಾರು?

ದಾನಿಗಳಲ್ಲಿ ಕೆಲವರು ಹಿರಿಯರು ಕೇಳಬಹುದು: ಮಠದ ಶಾಲೆಯಲ್ಲಿ ವಚನ ಹಾಡದಿದ್ದರೆ ಮತ್ತೆಲ್ಲಿ ಹಾಡಬೇಕು? ಹಾಡಲೇಬೇಕು, ನಿಲ್ಲಿಸಿರೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಪರಂಪರೆಯಲ್ಲಿ ಸಂಗೀತ ಹೇಗೆ ಬೆಳೆಯಿತೆಂಬುದನ್ನು ನೆನೆಯಬೇಕು. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನನ್ನು ಕೈಹಿಡಿದು ಪಂಚಾಕ್ಷರಿ ಗವಾಯಿಗಳನ್ನಾಗಿ ಮಾಡಿದವರು ಹಾನಗಲ್ಲ ಕುಮಾರ ಸ್ವಾಮಿಗಳವರು. ಆ ಗವಾಯಿಗಳು ಹಿಂದುಸ್ತಾನಿ ಪದ್ಧತಿಯನ್ನು ಕಲಿತದ್ದು ಉಸ್ತಾದ್ ವಹೀದ್ ಖಾನರಿಂದ. ಗುರು ಯಾವ ಧರ್ಮದವನೆಂದು ಸ್ವಾಮಿಗಳು ನೋಡಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜರೂ ಶಿಷ್ಯರ ಜಾತಿಯನ್ನು ಕೇಳಲಿಲ್ಲ. ಕಲಿಯಬೇಕೆಂಬ ಹಂಬಲವೊಂದಿದ್ದರೆ ಸಾಕಿತ್ತು. ಹಂಬಲದಿಂದ ಬಂದವನ ಕಂಠ ಬೇರೆ, ಗದರಿಕೆಗೆ ಅಂಜಿ ತೆರೆದ ಬಾಯಿ ಬೇರೆ. ಹಾಡು ಕಲಿಸುವ ಯಾರಿಗೂ ಇದು ಗೊತ್ತು.

ಕನ್ನಡ ಪಾಠದಲ್ಲಿ ವಚನ ಸಾಹಿತ್ಯವಾಗಿ ಎಲ್ಲರಿಗೂ ಬರಲಿ. ಅದಕ್ಕೆ ಯಾವ ಪಾಲಕರೂ ಬೇಡವೆಂದದ್ದನ್ನು ನಾನು ಕಂಡಿಲ್ಲ. ಅದೇ ಬಾಲಿಕೆ ಅಂಬಿಗರ ಚೌಡಯ್ಯನ ಕಟುನುಡಿಯನ್ನು ತರಗತಿಯಲ್ಲಿ ಬಿಡಿಸಿ ಹೇಳಿದಷ್ಟು ಚೆನ್ನಾಗಿ, ಚೌಡಯ್ಯದಾನಪುರದಿಂದಲೇ ಬರುವ ಹುಡುಗರು ಹೇಳಲಿಲ್ಲ. ಪ್ರಾರ್ಥನೆಗೂ ಧರ್ಮಬೋಧೆಗೂ ಮಾತ್ರ ಒಪ್ಪಿಗೆ ಕೇಳಬೇಕು. ನಮ್ಮ ಪ್ರವೇಶ ಅರ್ಜಿಯಲ್ಲಿ ಬೆಂಗಳೂರಿನ ಆ ಶಾಲೆಯಲ್ಲಿದ್ದಂತಹ ಶರತ್ತಿಲ್ಲ, ಸಂತೋಷ. ಆದರೆ ಕೇಳುವ ಪದ್ಧತಿಯೂ ಇಲ್ಲ.

ಬರುವ ಜೂನಿನಿಂದ, ಪ್ರವೇಶ ಪೂರ್ಣಗೊಂಡ ಬಳಿಕ, ಪಾಲಕರಿಗೆ ಪ್ರತ್ಯೇಕ ಚೀಟಿಯೊಂದನ್ನು ಕೊಡಬೇಕೆಂದು ಆಡಳಿತ ಮಂಡಳಿಯವರಲ್ಲಿ ನನ್ನ ಬಿನ್ನಹ. ಬೇಡವೆಂದು ಬರೆದವರ ಮಕ್ಕಳು ಸುಮ್ಮನೆ ನಿಲ್ಲಲಿ, ಅಥವಾ ಆ ಹೊತ್ತು ವಾಚನಾಲಯದಲ್ಲಿ ಕೂಡಲಿ. ಚೀಟಿಯ ಕರಡನ್ನು ನಾನೇ ಬರೆದು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೇನೆ. ನಾಲ್ಕೇ ಸಾಲು. ಓದುಬರಹ ಬಾರದ ಪಾಲಕರಿಗೆ ಅದನ್ನು ಓದಿ ಹೇಳುವ ಕೆಲಸವನ್ನೂ ನಾನೇ ವಹಿಸಿಕೊಳ್ಳುತ್ತೇನೆ. ಮೊದಲು ಹೋಗಬೇಕಾದ ಮನೆ ಯಾವುದೆಂದು ನನಗೆ ಗೊತ್ತಿದೆ.