ಹೆಸರು ವಿನಾಶಕ, ಕೆಲಸ ರಕ್ಷಣೆ

ಸಮಾಸದ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬ ‘ಡೆಸ್ಟ್ರಾಯರ್’ ಎಂಬ ಯುದ್ಧನೌಕೆಗೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದ. ‘ವಿನಾಶಕ ನೌಕೆ’ ಎಂದೆವು. “ಹಾಗಾದರೆ ಅದು ಯಾರನ್ನೂ ಕಾಪಾಡುವುದಿಲ್ಲವೇ ಮಾಸ್ಟ್ರೇ?” ಎಂದ. ಈ ಪ್ರಶ್ನೆಗೆ ಉತ್ತರ ಜಪಾನಿನ ‘ಸಕಾಕಿ’ ಎಂಬ ಪುಟ್ಟ ಹಡಗಿನ ಚರಿತ್ರೆಯಲ್ಲಿದೆಯೆಂದು ನಮ್ಮ ಅಭಿಪ್ರಾಯ.

ಮೊದಲು ಹೆಸರನ್ನೇ ನೋಡೋಣ. ಇಂಗ್ಲಿಷಿನಲ್ಲಿ ಇದರ ಪೂರ್ಣ ಹೆಸರು ‘ಟಾರ್ಪೆಡೊ ದೋಣಿಗಳ ವಿನಾಶಕ’ ಎಂಬರ್ಥದ್ದಾಗಿತ್ತು. ದೊಡ್ಡ ಹಡಗುಗಳನ್ನು ಮುಳುಗಿಸಲು ಬರುವ ಟಾರ್ಪೆಡೊ ದೋಣಿಗಳನ್ನು ತಡೆಯುವುದೇ ಇದರ ಹುಟ್ಟಿನ ಉದ್ದೇಶ. ಬಳಕೆಯಲ್ಲಿ ಅರ್ಧ ಹೆಸರು ಉದುರಿತು. ಉಳಿದರ್ಧವನ್ನು ನಾವು ಭಾಷಾಂತರಿಸಿಕೊಂಡೆವು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜಪಾನ್ ತುರ್ತಾಗಿ ‘ಕಾಬಾ’ ವರ್ಗದ 10 ಹಡಗುಗಳನ್ನು ಕಟ್ಟಿಸಿತು. ಹೊಸ ಟರ್ಬೈನಿಗೆ ಕಾಯದೆ, ಕೈಗೆ ಪಳಗಿದ ಹಳೆಯ ಮಾದರಿಯ ಉಗಿಯಂತ್ರವನ್ನೇ ಅಳವಡಿಸಿ, ಕೆಲಸವನ್ನು ಹಲವು ಹಡಗುಕಟ್ಟೆಗಳಿಗೆ ಹಂಚಿದ್ದರಿಂದ 1915ರ ವಸಂತದೊಳಗೆ ಹತ್ತೂ ಸಿದ್ಧವಾದವು. ಒಂದೊಂದರ ತೂಕ ಸುಮಾರು 665 ಟನ್, ವೇಗ ಗಂಟೆಗೆ 30 ನಾಟಿಕಲ್ ಮೈಲು, ಸಿಬ್ಬಂದಿ 92. 12 ಸೆಂಟಿಮೀಟರಿನ ಒಂದು ಫಿರಂಗಿ, ನಾಲ್ಕು ಚಿಕ್ಕ ಫಿರಂಗಿ, ನಾಲ್ಕು ಟಾರ್ಪೆಡೊ ನಳಿಗೆಗಳು. ಹೆಸರುಗಳೋ, ಎಲ್ಲವೂ ಮರಗಳವು! ಸಕಾಕಿ ಎಂದರೆ ಶಿಂಟೊ ದೇಗುಲಗಳಲ್ಲಿ ದೇವರಿಗೆ ಅರ್ಪಿಸುವ ನಿತ್ಯಹಸುರಿನ ಗಿಡ.

1917ರ ಏಪ್ರಿಲಿನಲ್ಲಿ ಬ್ರಿಟನ್ನಿನ ಮಿತ್ರನಾಗಿ ಜಪಾನಿನ ನೌಕಾದಳ ಮಾಲ್ಟಾ ದ್ವೀಪಕ್ಕೆ ಬಂತು. ಜಲಾಂತರ್ಗಾಮಿಗಳಿಂದ ಸಾಗಣೆ ಹಡಗುಗಳನ್ನು ಕಾಯುವುದು ಅದರ ಕೆಲಸ. ಮೇ 4ರಂದು ಇಟಲಿಯ ತೀರದಲ್ಲಿ ‘ಟ್ರಾನ್ಸಿಲ್ವೇನಿಯಾ’ ಎಂಬ ಹಡಗಿಗೆ ಟಾರ್ಪೆಡೊ ಬಡಿಯಿತು. ಅದರಲ್ಲಿ ಸುಮಾರು 3,000 ಮಂದಿ ಇದ್ದರು. ಕಾವಲಿಗಿದ್ದ ‘ಮಾತ್ಸು’ ಮತ್ತು ‘ಸಕಾಕಿ’ ಎರಡನೆಯ ಟಾರ್ಪೆಡೊ ಬಂದರೂ ಬಿಟ್ಟು ಓಡಲಿಲ್ಲ. ಸುಮಾರು 400 ಮಂದಿ ಸತ್ತರು, ಉಳಿದವರು ಬದುಕಿದರು. ಜೂನ್ 11ರಂದು ಕ್ರೀಟ್ ಬಳಿ ಸಕಾಕಿಗೇ ಟಾರ್ಪೆಡೊ ತಗಲಿತು. ನಾಯಕನೂ ಸೇರಿ 59 ಮಂದಿ ಅಸುನೀಗಿದರು. ಮುಳುಗದೆ ಉಳಿದ ಹಡಗು ದುರಸ್ತಿಗೊಂಡು ಮತ್ತೆ ಸೇವೆಗೆ ಮರಳಿತು. ಮಡಿದವರ ಸ್ಮಾರಕ ಮಾಲ್ಟಾದ ಕಲ್ಕಾರಾದಲ್ಲಿದೆ.

ಇದು ಯುದ್ಧದ ಹೊಗಳಿಕೆಯಲ್ಲವೇ ಎಂದು ಪಾಲಕರು ಕೇಳಬಹುದು. ಅಲ್ಲ. ಇದೇ ನೌಕಾಪಡೆ 1941ರಲ್ಲಿ ಪರ್ಲ್ ಹಾರ್ಬರಿನ ಮೇಲೆ ಎರಗಿದ್ದನ್ನು ನಾವು ಮರೆತಿಲ್ಲ. ಆಯುಧಕ್ಕೆ ತನ್ನದೇ ಆದ ಗುಣವಿಲ್ಲ. ಹಿಡಿದವನ ಉದ್ದೇಶವೇ ಅದರ ಗುಣ. ಆದರೆ ಹಡಗಿನ ಚಿತ್ರ ನೋಡಿ ಫಿರಂಗಿಗಳನ್ನು ಮಾತ್ರ ಎಣಿಸುವ ಮಕ್ಕಳು ಬದುಕಿಸಿದ ಜೀವಗಳನ್ನೂ ಎಣಿಸಲು ಕಲಿಯಬೇಕು. ಗೆದ್ದವರಿಗೆ ಪುಟಗಳನ್ನು ಮೀಸಲಿಟ್ಟು, ಕಾದವರಿಗೆ ಒಂದು ಸಾಲನ್ನೂ ಕೊಡದ ಚರಿತ್ರೆ ಅಪೂರ್ಣ.

ಆ ವಿದ್ಯಾರ್ಥಿಗೆ ನಮ್ಮ ಉತ್ತರವಿಷ್ಟೆ: ಮಗೂ, ನಿಘಂಟು ಪದದ ಅರ್ಥ ಹೇಳುತ್ತದೆ; ಮಾಡಿದ ಕೆಲಸ ಹೆಸರಿನ ಅರ್ಥ ಹೇಳುತ್ತದೆ.