ಬಳಸಿದ ವಸ್ತುವಿನ ಮಾರಾಟವೂ ತೆರಿಗೆಯ ಭಯವೂ

ಮನೆಯಲ್ಲಿ ಬಳಸಿ ಬಿಟ್ಟ ವಸ್ತುವನ್ನು ಮಾರುವುದು ನಮ್ಮಲ್ಲಿ ಹೊಸ ರೂಢಿಯೇನೂ ಅಲ್ಲ. ಹಳೆಯ ಪತ್ರಿಕೆ, ತುಕ್ಕು ಹಿಡಿದ ಕಬ್ಬಿಣ, ತಳ ಸವೆದ ಪಾತ್ರೆಗಳನ್ನು ಗುಜರಿಯವರ ತಕ್ಕಡಿಗೆ ಹಾಕಿ ಸಿಕ್ಕಿದಷ್ಟು ಹಣ ಪಡೆಯುವುದು, ಒಂದು ತರಗತಿ ದಾಟಿದವರು ತಮ್ಮ ಪಠ್ಯಪುಸ್ತಕಗಳನ್ನು ಅರ್ಧ ಬೆಲೆಗೆ ಕಿರಿಯರಿಗೆ ಕೊಡುವುದು ಹಿಂದಿನಿಂದಲೂ ನಡೆದುಬಂದಿದೆ. ಆ ಹಣ ಕೈಯಿಂದ ಕೈಗೆ ಹೋಗುತ್ತಿತ್ತು, ಬರಹದಲ್ಲಿ ಉಳಿಯುತ್ತಿರಲಿಲ್ಲ. ಈಗ ವಸ್ತುವಿನ ಚಿತ್ರ ಮೊಬೈಲಿನಲ್ಲಿ ಊರೂರು ಸುತ್ತುತ್ತದೆ. ಹಣ ಗೂಗಲ್ ಪೇಯಲ್ಲೋ ಫೋನ್‌ಪೇಯಲ್ಲೋ ಬರುತ್ತದೆ. ಕೊಟ್ಟವರ ಹೆಸರು, ದಿನಾಂಕ, ಮೊತ್ತ ಎಲ್ಲವೂ ದಾಖಲಾಗುತ್ತವೆ. ದಾಖಲೆಯಾದ ಕೂಡಲೇ ಒಂದು ಭಯವೂ ಹುಟ್ಟಿದೆ. ಹಳೆಯ ಸೈಕಲ್ಲು ಮಾರಿದ ಮೂರೂವರೆ ಸಾವಿರಕ್ಕೂ ತೆರಿಗೆ ಕಟ್ಟಬೇಕೆ? ಅದನ್ನು ಇಲಾಖೆಗೆ ತಿಳಿಸಬೇಕೆ? ತಿಳಿಸದಿದ್ದರೆ ನೋಟಿಸು ಬರುವುದೆ?

ಈ ಭಯದ ಬಹುಭಾಗ ನಿರಾಧಾರವಾದುದು ಎಂಬುದು ನನ್ನ ಅಭಿಪ್ರಾಯ. ಆದರೆ ಭಯ ನಿರಾಧಾರವೆಂದು ಹೇಳಿ ಕೈತೊಳೆದುಕೊಂಡರೆ ಸಾಲದು. ಕಾನೂನಿನ ಶಬ್ದಗಳನ್ನು ಯಾರೂ ನಮಗೆ ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳದಿರುವುದೇ ಅದರ ಮೂಲ. ಆದುದರಿಂದಲೇ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳ ಮುಂದೆ ತೆರಿಗೆಯ ಮಾತನ್ನು ಎತ್ತುತ್ತಿದ್ದೇನೆ. ಕಾನೂನು ಕೂಡ ಒಂದು ಪಠ್ಯ. ಅದರ ಅರ್ಥವೂ ಶಬ್ದವನ್ನು ಓದುವ ಕ್ರಮದ ಮೇಲೆ ನಿಂತಿದೆ.

ಭಾರತದ 1961ರ ಆದಾಯ ತೆರಿಗೆ ಕಾಯಿದೆಯು ಆಸ್ತಿಯನ್ನು ಮಾರಿ ಬಂದ ಲಾಭಕ್ಕೆ ತೆರಿಗೆ ವಿಧಿಸುವಾಗ, ಮೊದಲು ‘ಬಂಡವಾಳ ಆಸ್ತಿ’ ಎಂದರೇನೆಂದು ಹೇಳುತ್ತದೆ. ಅದೇ ವ್ಯಾಖ್ಯೆಯಲ್ಲಿ ಕೆಲವನ್ನು ಹೊರಗಿಡುತ್ತದೆ. ಹಾಗೆ ಹೊರಗುಳಿದವುಗಳಲ್ಲಿ ಮುಖ್ಯವಾದುದು ವೈಯಕ್ತಿಕ ಬಳಕೆಯ ವಸ್ತು. ಎಂದರೆ ಕರದಾತನು ತನ್ನ ಅಥವಾ ತನ್ನನ್ನು ಅವಲಂಬಿಸಿದ ಕುಟುಂಬದವರ ಬಳಕೆಗಾಗಿ ಇರಿಸಿಕೊಂಡ ಚರಾಸ್ತಿ. ವಚನಗಳಲ್ಲಿ ಸ್ಥಾವರ ಜಂಗಮಗಳ ಭೇದವನ್ನು ಓದಿದವರಿಗೆ ಸ್ಥಿರ, ಚರ ಎಂಬ ಶಬ್ದಗಳು ಅಪರಿಚಿತವಲ್ಲ. ಉಟ್ಟ ಬಟ್ಟೆ, ಮೇಜು, ಕುರ್ಚಿ, ಸೈಕಲ್ಲು, ಸ್ವಂತ ಓಡಾಟದ ಸ್ಕೂಟರು, ಮೊಬೈಲು, ಓದಿದ ಪುಸ್ತಕ ಇವೆಲ್ಲ ಆ ಗುಂಪಿಗೆ ಸೇರುತ್ತವೆ. ಇವನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದರೆ ತೆರಿಗೆಯ ಪ್ರಶ್ನೆಯೇ ಇಲ್ಲ. ಅಪರೂಪಕ್ಕೆ ಹೆಚ್ಚಿಗೆ ಮಾರಿದರೂ ಆ ಲಾಭ ಬಂಡವಾಳ ಲಾಭವೆನಿಸದು. ಹಾಗೆಯೇ ನಷ್ಟವಾಯಿತೆಂದು ಅದನ್ನು ಬೇರೆ ಲಾಭದಿಂದ ಕಳೆಯುವಂತೆಯೂ ಇಲ್ಲ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪಿಸಿದ 2025ರ ಹೊಸ ಕಾಯಿದೆಯೂ ಈ ವಿಂಗಡಣೆಯನ್ನು ಉಳಿಸಿಕೊಂಡಿದೆ.

‘ವೈಯಕ್ತಿಕ ಬಳಕೆ’ ಎಂಬ ಎರಡು ಶಬ್ದಗಳು ಎಷ್ಟು ತೂಕದವು ಎಂಬುದನ್ನು ತಿಳಿಯಲು 1976ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಮಹಾರಾಜ ರಾಣಾ ಹೇಮಂತ್ ಸಿಂಗ್‌ಜೀ ಅವರ ಪ್ರಕರಣವನ್ನು ನೋಡಬಹುದು. ಚಿನ್ನದ ಮತ್ತು ಬೆಳ್ಳಿಯ ನಾಣ್ಯಗಳು, ಬೆಳ್ಳಿಯ ಗಟ್ಟಿಗಳು ಮಾರಾಟವಾಗಿದ್ದವು. ಲಕ್ಷ್ಮೀಪೂಜೆಯಲ್ಲಿ ಇಡುತ್ತಿದ್ದ ಇವು ವೈಯಕ್ತಿಕ ಬಳಕೆಯ ವಸ್ತುಗಳೇ ಎಂಬುದು ಮಾರಿದವರ ವಾದ. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ವಸ್ತುವಿಗೂ ವ್ಯಕ್ತಿಯ ದೈನಂದಿನ ಬದುಕಿಗೂ ನಿಕಟವಾದ ಸಂಬಂಧವಿರಬೇಕು. ಪೂಜೆಯ ಹೊತ್ತಿಗೆ ಹೊರತೆಗೆದು ಮತ್ತೆ ಭಂಡಾರಕ್ಕೆ ಸೇರುವ ಸಂಪತ್ತು ಅಂಥದಲ್ಲ ಎಂಬುದು ಅದರ ನಿಲುವು. ‘ಬಳಕೆ’ ಎಂಬ ಒಂದು ಪದದ ಅರ್ಥವ್ಯಾಪ್ತಿಯನ್ನು ಕುರಿತ ಚರ್ಚೆ ದೇಶದ ಅತ್ಯುನ್ನತ ನ್ಯಾಯಪೀಠದವರೆಗೆ ಹೋಯಿತು ಎಂಬುದನ್ನು ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕು.

ವಸ್ತುವಿನ ಗುಣದಷ್ಟೇ ಮಾರುವವರ ಉದ್ದೇಶವೂ ಮುಖ್ಯ. ನಮ್ಮ ಕಾಸರಗೋಡಿನ ಕಡೆಯ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಂದು ಮದ್ದಳೆ ಎಂಟು ಸಾವಿರ ರೂಪಾಯಿಗೆ ಮಾರಾಟವಾಯಿತು ಎನ್ನಿ. ಹವ್ಯಾಸಕ್ಕಾಗಿ ಕಲಿತು, ಕಲಿಕೆ ಬಿಟ್ಟ ಹುಡುಗನೊಬ್ಬ ಅದನ್ನು ಮಾರಿದರೆ ಅದು ವೈಯಕ್ತಿಕ ಬಳಕೆಯ ವಸ್ತು. ಮೇಳದಲ್ಲಿ ನುಡಿಸಿ ಸಂಭಾವನೆ ಪಡೆಯುವ ಕಲಾವಿದರಿಗೆ ಅದೇ ಮದ್ದಳೆ ವೃತ್ತಿಯ ಉಪಕರಣ. ಅದರ ಲೆಕ್ಕ ವೃತ್ತಿಯ ಲೆಕ್ಕದೊಳಗೆ ಸೇರುತ್ತದೆ. ಹಳೆಯ ವಾದ್ಯಗಳನ್ನು ಕೊಂಡು, ದುರಸ್ತಿ ಮಾಡಿಸಿ ಮಾರುವವರಿಗೆ ಅದು ಸರಕು. ಸಿಕ್ಕಿದ ಲಾಭ ವ್ಯಾಪಾರದ ಆದಾಯ. ಪುಸ್ತಕದ ಮಾತೂ ಹೀಗೆಯೇ. ತಾನು ಓದಿದ ಪುಸ್ತಕವನ್ನು ಮಾರುವ ವಿದ್ಯಾರ್ಥಿ ವ್ಯಾಪಾರಿಯಲ್ಲ. ಸಹಪಾಠಿಗಳ ಪುಸ್ತಕಗಳನ್ನು ನೂರಕ್ಕೆ ಕೊಂಡು ನೂರೆಂಬತ್ತಕ್ಕೆ ಮಾರುವುದನ್ನೇ ರೂಢಿ ಮಾಡಿಕೊಂಡವನು, ಎಷ್ಟೇ ಚಿಕ್ಕ ಪ್ರಮಾಣದಲ್ಲಾದರೂ, ವ್ಯಾಪಾರ ಮಾಡುತ್ತಿದ್ದಾನೆ. ‘ಹಳೆಯ ವಸ್ತು’ ಎಂಬ ಹೆಸರಿನ ಮರೆಯಲ್ಲಿ ಆ ವ್ಯಾಪಾರವನ್ನು ಅಡಗಿಸುವುದು ಸರಿಯಲ್ಲ.

ಮೂರೂ ಸಂದರ್ಭಗಳಲ್ಲಿ ಮೊಬೈಲಿನ ಪರದೆಯ ಮೇಲೆ ಕಾಣುವುದು ಮಾತ್ರ ಒಂದೇ: ಎಂಟು ಸಾವಿರ ಜಮೆ. ಸಮಸ್ಯೆಯ ಗಂಟು ಇಲ್ಲಿದೆ. ಹಣ ಬಂದ ದಾರಿಯು ತೆರಿಗೆಯನ್ನು ಹುಟ್ಟಿಸುವುದಿಲ್ಲ. ನಗದಿನಲ್ಲಿ ಬಂದರೆ ತೆರಿಗೆಯಿಲ್ಲದ್ದು ಯುಪಿಐಯಲ್ಲಿ ಬಂದ ಮಾತ್ರಕ್ಕೆ ತೆರಿಗೆಗೆ ಒಳಗಾಗುವುದಿಲ್ಲ. ಎರಡು ಸಾವಿರ ಮೀರಿದ ಯುಪಿಐ ಪಾವತಿಗೆ ಜಿಎಸ್‌ಟಿ ಬರಲಿದೆಯೆಂಬ ವದಂತಿ 2025ರ ಏಪ್ರಿಲ್‌ನಲ್ಲಿ ಹಬ್ಬಿದಾಗ ಕೇಂದ್ರ ಹಣಕಾಸು ಸಚಿವಾಲಯವೇ ಅದನ್ನು ಅಲ್ಲಗಳೆಯಿತು. ಜಿಎಸ್‌ಟಿ ಅನ್ವಯಿಸಬೇಕಾದರೆ ಮಾರಾಟವು ವ್ಯಾಪಾರದ ಅಂಗವಾಗಿ ನಡೆದಿರಬೇಕು. 2017ರ ಜುಲೈಯಲ್ಲಿ, ಮನೆಯ ಹಳೆಯ ಚಿನ್ನವನ್ನು ಅಂಗಡಿಗೆ ಮಾರಿದರೂ ಶೇ. 3 ಜಿಎಸ್‌ಟಿ ಎಂಬ ಗೊಂದಲ ಎದ್ದಾಗಲೂ ಸರಕಾರ ಇದೇ ಉತ್ತರವನ್ನು ಕೊಟ್ಟಿತು: ಮಾರುವ ವ್ಯಕ್ತಿ ಚಿನ್ನದ ವ್ಯಾಪಾರಿಯಲ್ಲವಾದುದರಿಂದ ಆ ತೆರಿಗೆ ಇಲ್ಲ.

ಹಾಗಿದ್ದರೂ ದಾಖಲೆಯು ಮೊತ್ತವನ್ನು ಬಲ್ಲದು, ಅರ್ಥವನ್ನು ಅರಿಯದು. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ವಿವರವನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿಯ ವಾರ್ಷಿಕ ವಹಿವಾಟು ದಾಟಿದರೆ ನೋಂದಣಿ ಬೇಕೆಂಬುದು ನಿಯಮ. ಆದರೆ ಜಮೆಯಾದ ಒಟ್ಟು ಮೊತ್ತದಲ್ಲಿ ತೆರಿಗೆಯೇ ಇಲ್ಲದ ಹಾಲು, ತರಕಾರಿಗಳ ಹಣವೂ, ಬಂಧುಗಳಿಂದ ಪಡೆದ ಕೈಗಡವೂ ಸೇರಿರಬಹುದಷ್ಟೆ. ಬೆಂಗಳೂರಿನ ಕೆಲವು ಅಂಗಡಿಗಳು ಕ್ಯೂಆರ್ ಫಲಕವನ್ನು ತೆಗೆದು ‘ನಗದು ಮಾತ್ರ’ ಎಂದು ಬರೆದು ತೂಗುಹಾಕಿದುವು. ಅದು ವ್ಯಾಪಾರಿಗಳಿಗೆ ಸಂಬಂಧಿಸಿದ ವಿಷಯ. ಮನೆಯ ಕುರ್ಚಿ ಮಾರುವವರಿಗೆ ಸಂಬಂಧಿಸಿದುದಲ್ಲ. ಆದರೂ ಅದರಿಂದ ಹುಟ್ಟಿದ ಅಂಜಿಕೆ ಎಲ್ಲರ ಮನೆಗೂ ಹೊಕ್ಕಿತು.

ಈ ತೊಡಕು ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದಲ್ಲಿ ಪಾವತಿ ಸಂಸ್ಥೆಗಳು 1099-ಕೆ ಎಂಬ ನಮೂನೆಯಲ್ಲಿ ಮಾರಾಟಗಾರರ ಜಮೆಯನ್ನು ತೆರಿಗೆ ಇಲಾಖೆಗೆ ತಿಳಿಸಬೇಕು. ವರ್ಷಕ್ಕೆ 20,000 ಡಾಲರ್ ಮತ್ತು 200 ವ್ಯವಹಾರಗಳನ್ನು ಮೀರಿದರೆ ಮಾತ್ರ ಎಂದಿದ್ದ ಮಿತಿಯನ್ನು 2021ರ ಕಾನೂನು 600 ಡಾಲರಿಗೆ ಇಳಿಸಿತು. ಹಳೆಯ ಸೋಫಾ ಮಾರಿದವರಿಗೂ ನಮೂನೆ ಬರುವುದೆಂಬ ಆತಂಕ ಹಬ್ಬಿತು. ಇಲಾಖೆಯೇ ಅದರ ಜಾರಿಯನ್ನು ಮತ್ತೆ ಮತ್ತೆ ಮುಂದೂಡಿತು. ಕೊನೆಗೆ 2025ರ ಜುಲೈಯ ಕಾನೂನು ಹಳೆಯ ಮಿತಿಯನ್ನೇ ಮರಳಿ ತಂದಿತು. ಅಲ್ಲಿ ಸ್ವಂತ ಬಳಕೆಯ ವಸ್ತುವನ್ನು ಲಾಭಕ್ಕೆ ಮಾರಿದರೆ ಆ ಲಾಭಕ್ಕೆ ತೆರಿಗೆ ಉಂಟು. ನಷ್ಟಕ್ಕೆ ಮಾರಿದರೆ ತೆರಿಗೆಯಿಲ್ಲ. ಈ ವಿಷಯದಲ್ಲಿ ನಮ್ಮ ಕಾನೂನೇ ಹೆಚ್ಚು ಉದಾರವಾದುದು. ಆದರೆ ಆ ಔದಾರ್ಯದ ಸುದ್ದಿ ಜನರಿಗೆ ತಲುಪಿಲ್ಲ.

ಈ ಔದಾರ್ಯಕ್ಕೆ ಒಂದು ಗಡಿಯಿದೆ. ಎಚ್ಚರ ಬೇಕಾದುದು ಅಲ್ಲಿಯೇ. ಮೈಮೇಲೆ ದಿನವೂ ತೊಡುವ ಚಿನ್ನವೂ ಕಾನೂನಿನ ಕಣ್ಣಿನಲ್ಲಿ ವೈಯಕ್ತಿಕ ಬಳಕೆಯ ವಸ್ತುವಲ್ಲ. 1973ರ ಏಪ್ರಿಲ್ 1ರಿಂದ ಆಭರಣಗಳನ್ನೂ, 2008ರ ಏಪ್ರಿಲ್ 1ರಿಂದ ಪುರಾತತ್ತ್ವ ಸಂಗ್ರಹ, ಚಿತ್ರ, ಶಿಲ್ಪ ಮೊದಲಾದ ಕಲಾಕೃತಿಗಳನ್ನೂ ಆ ಗುಂಪಿನಿಂದ ಹೊರಗಿಡಲಾಗಿದೆ. ಮಗಳ ಓದಿಗೋ ಆಸ್ಪತ್ರೆಯ ಖರ್ಚಿಗೋ ಬಳೆ ಮಾರಿದ ತಾಯಿಗೆ ಬಂದ ಲಾಭ ಬಂಡವಾಳ ಲಾಭವೇ. 24 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡ ಚಿನ್ನವನ್ನು 2024ರ ಜುಲೈ 23ರಿಂದೀಚೆಗೆ ಮಾರಿದರೆ ಲಾಭದ ಮೇಲೆ ಶೇ. 12.5 ತೆರಿಗೆ. ಹಿರಿಯರಿಂದ ಬಂದ ಒಡವೆಗೆ ಅವರು ಕೊಂಡ ಬೆಲೆಯನ್ನೇ ಹಿಡಿಯಬೇಕು. 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಬೇರೆ ಆದಾಯವಿಲ್ಲದ ಗೃಹಿಣಿಗೆ ಹೊಸ ಪದ್ಧತಿಯ 4 ಲಕ್ಷದ ಮೂಲ ವಿನಾಯಿತಿಯೊಳಗೆ ಆ ಲಾಭ ಅಡಗಿದರೆ ತೆರಿಗೆ ಬರುವುದಿಲ್ಲ. ಚಿನ್ನವನ್ನು ಸಂಪತ್ತೆಂದು ಎಣಿಸುವುದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ರಶೀದಿಯೇ ಇಲ್ಲದೆ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಇಳಿದುಬಂದ ಒಡವೆಗೆ ಇಷ್ಟು ಲೆಕ್ಕ ಕೇಳುವ ಕಾನೂನು, ಆ ಲೆಕ್ಕವನ್ನು ಅವರ ನುಡಿಯಲ್ಲಿ ತಿಳಿಸುವ ಹೊಣೆಯನ್ನೂ ಹೊರಬೇಕಲ್ಲವೆ?

ನಮ್ಮ ವಿಭಾಗಕ್ಕೆ ಹತ್ತಿರವಾದ ಇನ್ನೊಂದು ಎಚ್ಚರಿಕೆಯೂ ಇದೆ. ಹಳೆಯ ಮನೆಗಳ ಅಟ್ಟದಲ್ಲಿ ಸಿಗುವ ತಾಳೆಗರಿಯ ಕಟ್ಟುಗಳನ್ನು ಹಳೆಯ ಪುಸ್ತಕದಂತೆ ಮೊಬೈಲಿನಲ್ಲಿ ಮಾರಾಟಕ್ಕೆ ಇಡಬಾರದು. ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ, 75 ವರ್ಷಕ್ಕೆ ಕಡಿಮೆಯಿಲ್ಲದ ಹಸ್ತಪ್ರತಿಯನ್ನು 1972ರ ಪುರಾವಸ್ತು ಮತ್ತು ಕಲಾನಿಧಿಗಳ ಕಾಯಿದೆ ಪುರಾವಸ್ತುವೆಂದೇ ಗಣಿಸುತ್ತದೆ. ಅದರ ಬೆಲೆಯನ್ನು ಕೇಳುವ ಮೊದಲು ಅದನ್ನು ಓದಬಲ್ಲವರಿಗೆ ತೋರಿಸುವುದು ನಮ್ಮ ಕರ್ತವ್ಯ.

ಇನ್ನು ಮಾಡಬೇಕಾದುದೇನು? ದೊಡ್ಡ ಲೆಕ್ಕಪುಸ್ತಕವೇನೂ ಬೇಕಿಲ್ಲ. ಮಾರಿದ ವಸ್ತು ಯಾವುದು, ಯಾವಾಗ ಎಷ್ಟಕ್ಕೆ ಕೊಂಡದ್ದು, ಯಾರ ಬಳಕೆಯಲ್ಲಿತ್ತು, ಯಾವ ದಿನ ಎಷ್ಟಕ್ಕೆ ಹೋಯಿತು ಎಂಬ ನಾಲ್ಕು ಸಾಲುಗಳನ್ನು ಕನ್ನಡದಲ್ಲಿಯೇ ಬರೆದಿಟ್ಟರೆ ಸಾಕು. ಹಣ ಕಳುಹಿಸುವವರಿಗೆ ಟಿಪ್ಪಣಿಯ ಜಾಗದಲ್ಲಿ ‘ಹಳೆಯ ಸೈಕಲ್ಲಿನ ಬಾಬ್ತು’ ಎಂದು ನಮೂದಿಸಲು ಹೇಳಬಹುದು. ಮಾರಾಟದ ಜಾಲತಾಣವೊಂದರ ಮೂಲಕ ಮಾರುವವರು ಇನ್ನೊಂದು ನಿಯಮವನ್ನು ತಿಳಿದಿರಬೇಕು. ಅಂಥ ಸಂಸ್ಥೆಗಳು ಮಾರಾಟಗಾರರ ಮೊತ್ತದಿಂದ ಮೂಲದಲ್ಲೇ ತೆರಿಗೆ ಕಡಿತ ಮಾಡುವ ಪದ್ಧತಿ 2020ರ ಅಕ್ಟೋಬರ್ 1ರಿಂದ ಬಂದಿದೆ. ಅದರ ದರ 2024ರ ಅಕ್ಟೋಬರ್ 1ರಿಂದ ಶೇ. 0.1. ಪ್ಯಾನ್ ಅಥವಾ ಆಧಾರ್ ಸಂಖ್ಯೆ ಕೊಟ್ಟ ವ್ಯಕ್ತಿಯ ವರ್ಷದ ಮಾರಾಟ 5 ಲಕ್ಷ ಮೀರದಿದ್ದರೆ ಕಡಿತವಿಲ್ಲ. ಆದಾಯ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ನಮ್ಮ ಹೆಸರಿನೆದುರು ಏನಿದೆಯೆಂದು ನೋಡಿ, ತಪ್ಪಿದ್ದರೆ ಅಲ್ಲಿಯೇ ತಿಳಿಸುವ ಅವಕಾಶವೂ ಇದೆ.

ಈ ಕೆಲಸಗಳು ಗಡಿನಾಡಿನವರಿಗೆ ಒಂದು ಪಟ್ಟು ಹೆಚ್ಚು ಕಷ್ಟ. ಕೇಂದ್ರದ ಇಲಾಖೆಯ ಪತ್ರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ರಾಜ್ಯದ ಆಡಳಿತ ಭಾಷೆ ಮಲಯಾಳ. ನಡುವೆ ಕನ್ನಡವನ್ನಷ್ಟೇ ಓದಬಲ್ಲ ಹಿರಿಯರು ಪ್ರತಿಯೊಂದು ಕಾಗದಕ್ಕೂ ಇನ್ನೊಬ್ಬರ ಬಾಯಿಯನ್ನು ನೋಡಬೇಕು. ಸಂವಿಧಾನದ 350ನೆಯ ವಿಧಿಯು ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಕೇರಳದ ರಾಜ್ಯಭಾಷಾ ಕಾನೂನಿನಲ್ಲಿಯೂ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶವಿದೆ. ಹಕ್ಕು ಪುಸ್ತಕದಲ್ಲಿದೆ; ಅದನ್ನು ಬಳಸಬಲ್ಲವರು ಬೇಕು.

ಆದಕಾರಣ ತೆರಿಗೆ ಇಲಾಖೆಗಳಲ್ಲಿ ನನ್ನ ಬೇಡಿಕೆ ಒಂದೇ. ಗಡಿಪ್ರದೇಶದ ಕಚೇರಿಗಳಲ್ಲಿ, ಮನೆಬಳಕೆಯ ವಸ್ತು ಯಾವುದು, ವ್ಯಾಪಾರ ಯಾವುದು, ಚಿನ್ನದ ಲೆಕ್ಕ ಹೇಗೆ ಎಂಬುದನ್ನು ಒಂದು ಪುಟದ ಕನ್ನಡದಲ್ಲಿ ಅಚ್ಚು ಹಾಕಿಸಿ ಜನರ ಕೈಗಿಡಲಿ. ಆ ಪುಟ ಬರುವವರೆಗೆ ನಾವು ಸುಮ್ಮನೆ ಕೂರಬೇಕಾಗಿಲ್ಲ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ವಾಣಿಜ್ಯ ವಿಭಾಗದ ಗೆಳೆಯರೊಡನೆ ಕುಳಿತು ಅಂಥ ಪುಟವೊಂದನ್ನು ಈ ವರ್ಷವೇ ಸಿದ್ಧಪಡಿಸಬಹುದು. ವಾಣಿಜ್ಯದವರು ನಿಯಮವನ್ನು ನೋಡಿಕೊಂಡರೆ ಶಬ್ದವನ್ನು ನಾವು ನೋಡಿಕೊಳ್ಳೋಣ. ಹಳಗನ್ನಡದ ಪದ್ಯವನ್ನು ಅನ್ವಯಿಸಿ ಅರ್ಥ ಹೇಳಲು ಕಲಿತವರಿಗೆ ಒಂದು ನೋಟಿಸಿನ ವಾಕ್ಯವನ್ನು ನೆರೆಮನೆಯವರಿಗೆ ಬಿಡಿಸಿ ಹೇಳುವುದು ಅಸಾಧ್ಯವಾದ ಕೆಲಸವೇನೂ ಅಲ್ಲ.